ಫೋಟೊ ಹಿಂದೆ ಹೆಸರು ಬರೆದಿಡಿ

ಆನ್‌ಸೈಟ್ ಅಂದ ತಕ್ಷಣ ನನ್ನ ಕಣ್ಮುಂದೆ ಬಂದಿದ್ದು ಲಂಡನ್, ಬಿಗ್ ಬೆನ್, ಥೇಮ್ಸ್ ದಡದಲ್ಲೊಂದು ಸೆಲ್ಫಿ. ಸಿಕ್ಕಿದ್ದು ಮಾತ್ರ ಇಂಗ್ಲೆಂಡಿನ ಉತ್ತರಕ್ಕಿರೋ ಲೀಡ್ಸ್. ಅಲ್ಲಿನ ಬಾಡಿಗೆ ಕೇಳಿ ಗಾಬರಿಯಾಗಿ, ರೈಲಿನಲ್ಲಿ ಸ್ವಲ್ಪವೇ ದೂರದ ಮೋರ್ಲಿ ಎಂಬ ಪುಟ್ಟ ಊರಿನಲ್ಲಿ ರೂಮು ಹಿಡಿದೆ. ಒಂದು ಕಾಲಕ್ಕೆ ಉಣ್ಣೆ ಬಟ್ಟೆಯ ಗಿರಣಿಗಳಿಂದ ತುಂಬಿದ್ದ ಊರದು. ಕಲ್ಲಿನ ಮನೆಗಳು, ಏರು ರಸ್ತೆಗಳು, ಬಿಡದೆ ಜಿನುಗುವ ಮಳೆ.

ಮನೆ ಓನರ್‌ಗೆ ತೊಂಬತ್ತರ ಹತ್ತಿರ ವಯಸ್ಸು. ಹೆಂಡತಿ ತೀರಿಕೊಂಡಿದ್ದರು. ಇನ್ನೆರಡು ತಿಂಗಳಿಗೆ ಮನೆ ಮಾರಿ ದೂರದೂರಿನ ಮಗಳ ಮನೆಗೆ ಹೋಗುವವರಿದ್ದರು. ಒಂದು ಶನಿವಾರ ಮೂರು ಶೂ ಡಬ್ಬಿ ತಂದು ನನ್ನ ಟೇಬಲ್ ಮೇಲಿಟ್ಟು, "ನೀನು ಕಂಪ್ಯೂಟರ್ ಹುಡುಗ ಅಲ್ವಾ?" ಅಂದರು. ನಮ್ಮೂರಲ್ಲಿ ಇದೇ ಪ್ರಶ್ನೆ ಕೇಳಿ ಪ್ರಿಂಟರ್ ರಿಪೇರಿ ಮಾಡಿಸಿಕೊಂಡವರು ಬಹಳ ಮಂದಿ. ಇವರದ್ದು ಬೇರೆ ಕೆಲಸ. ಡಬ್ಬಿಗಳ ತುಂಬ ಕಪ್ಪು-ಬಿಳುಪು ಫೋಟೊಗಳು, ಎಲ್ಲವೂ ಸೈಕಲ್ ರೇಸಿನವು. ಎಲ್ಲವನ್ನೂ ಸ್ಕ್ಯಾನ್ ಮಾಡಿಕೊಡಬೇಕಿತ್ತು.

ಒಂದು ವೀಕೆಂಡ್ ಕೆಲಸ ಅಂದುಕೊಂಡೆ. ಆರು ವೀಕೆಂಡ್ ಆಯ್ತು. ಸ್ಕ್ಯಾನರ್ ನಿಧಾನ ಅಂತಲ್ಲ, ಫೈಲಿಗೆ ಹೆಸರಿಡೋಕೆ "ಇದು ಯಾರು?" ಅಂತ ನಾನು ಕೇಳುತ್ತಿದ್ದೆ, ಅವರು ಟೀ ಇಡೋಕೆ ಹೋಗುತ್ತಿದ್ದರು. ಟೀ ಬಂತು ಅಂದರೆ ಕತೆ ಬಂತು ಅಂತಲೇ ಅರ್ಥ.

ಸೈಕಲ್ ರೇಸ್ ಅಂದರೆ ನನಗೆ ಗೊತ್ತಿದ್ದದ್ದು ಟೂರ್ ಡಿ ಫ್ರಾನ್ಸ್. ಗುಂಪು, ಬಣ್ಣ, ಕೂಗಾಟ. ಈ ಫೋಟೊಗಳಲ್ಲಿ ಅದ್ಯಾವುದೂ ಇಲ್ಲ. ಮಂಜು ಕವಿದ ಖಾಲಿ ರಸ್ತೆ, ಒಬ್ಬನೇ ಸವಾರ, ಪಕ್ಕದಲ್ಲಿ ಗಡಿಯಾರ ಹಿಡಿದ ಒಬ್ಬ. ಅಷ್ಟೇ. ಕಾರಣ ಆಮೇಲೆ ತಿಳಿಯಿತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪೊಲೀಸರ ಕಾಟಕ್ಕೆ ಹೆದರಿ ಬ್ರಿಟನ್ನಿನ ಸೈಕಲ್ ಸಂಘದವರೇ ರಸ್ತೆಯ ಮೇಲಿನ ಗುಂಪು ರೇಸ್ ನಿಲ್ಲಿಸಿಬಿಟ್ಟಿದ್ದರು. ಹುಚ್ಚು ಬಿಡಲಾಗದವರು ದಾರಿ ಹುಡುಕಿಕೊಂಡರು. ಒಂದೊಂದು ನಿಮಿಷ ಬಿಟ್ಟು ಒಬ್ಬೊಬ್ಬರನ್ನೇ ಕಳಿಸೋದು, ಗಡಿಯಾರದ ಜೊತೆ ಮಾತ್ರ ಸ್ಪರ್ಧೆ. ಅದೇ ಟೈಮ್ ಟ್ರಯಲ್.

ಅದೂ ಕದ್ದುಮುಚ್ಚಿಯೇ. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಶುರು. ಸ್ಪರ್ಧಿಗಳ ಪಟ್ಟಿಯ ಮೇಲೆ 'ಖಾಸಗಿ ಮತ್ತು ಗೋಪ್ಯ' ಅಂತ ಅಚ್ಚಾಗಿರುತ್ತಿತ್ತು. ಯಾವ ರಸ್ತೆ ಅನ್ನೋದನ್ನೂ ಹೆಸರಿಟ್ಟು ಬರೆಯುತ್ತಿರಲಿಲ್ಲ, ಸಂಕೇತ ಮಾತ್ರ. ಯಾರ್ಕ್‌ಷೈರ್‌ನ ರಸ್ತೆಗಳ ಸಂಕೇತ ಇವತ್ತಿಗೂ 'ವಿ' ಅಕ್ಷರದಿಂದಲೇ ಶುರುವಾಗುತ್ತದೆ. ಹಿಂದಿನ ತಲೆಮಾರಿನವರು ಕುತ್ತಿಗೆಯಿಂದ ಹಿಮ್ಮಡಿವರೆಗೆ ಕಪ್ಪು ಬಟ್ಟೆ ತೊಟ್ಟು ಓಡಿಸುತ್ತಿದ್ದರಂತೆ, ಯಾರ ಕಣ್ಣಿಗೂ ಬೀಳಬಾರದು ಅಂತ. ನಮ್ಮ ಓನರ್ ಕಾಲಕ್ಕೆ, ಅಂದರೆ 1950ರ ದಶಕಕ್ಕೆ, ಚಡ್ಡಿ-ಜೆರ್ಸಿ ಬಂದಿತ್ತು.

ಒಂದು ಫೋಟೊದಲ್ಲಿ ಹುಡುಗನ ಸೈಕಲ್ಲಿನ ಮುಂದಿನ ಚಕ್ರದ ಎರಡೂ ಬದಿಗೆ ಇನ್ನೆರಡು ಚಕ್ರ ಕಟ್ಟಿತ್ತು, ಆನೆ ಕಿವಿಯ ಹಾಗೆ. ಏನಿದು ಅಂದೆ. ಕಾರಿಲ್ಲದ ಕಾಲ. ಗಿರಣಿ, ಗಣಿ, ಅಂಗಡಿಗಳಲ್ಲಿ ವಾರವಿಡೀ ದುಡಿದು, ರೇಸಿನ ಜಾಗಕ್ಕೂ ಸೈಕಲ್ ತುಳಿದುಕೊಂಡೇ ಹೋಗಬೇಕು. ಅಲ್ಲಿ ಮಾಮೂಲಿ ಚಕ್ರ ಬಿಚ್ಚಿ ಹಗುರವಾದ ರೇಸ್ ಚಕ್ರ ಹಾಕಿ, 25 ಮೈಲಿ ಉಸಿರು ಕಟ್ಟಿ ಓಡಿಸಿ, ಮತ್ತೆ ಚಕ್ರ ಬದಲಿಸಿ ಮನೆಗೆ ತುಳಿಯೋದು. ಸಂಬಳವಿಲ್ಲ, ಸ್ಪಾನ್ಸರ್ ಇಲ್ಲ. 25 ಮೈಲಿ, ಅಂದರೆ ಸುಮಾರು 40 ಕಿಲೋಮೀಟರ್, ಒಂದು ಗಂಟೆಯೊಳಗೆ ಮುಗಿಸಬೇಕು ಅನ್ನೋದು ಎಲ್ಲರ ಕನಸು. ನಮ್ಮ ಓನರ್‌ಗೆ ಆ ಕನಸು ಕೈಗೂಡಲೇ ಇಲ್ಲ. ಅತಿ ಒಳ್ಳೆಯ ಟೈಮು ಒಂದು ಗಂಟೆ ಎರಡು ನಿಮಿಷ. ಅದನ್ನು ಹೇಳುವಾಗ ಈಗಲೂ ನಾಚಿಕೊಂಡರು. ನಾನು ಆ್ಯಪ್‌ನಲ್ಲಿ 5 ಕಿಲೋಮೀಟರ್ ಓಡಿದರೂ ಸ್ಟೇಟಸ್ ಹಾಕುವವನು, ಸುಮ್ಮನೆ ಟೀ ಕುಡಿದೆ.

ಐದನೇ ವಾರ ಒಂದು ಫೋಟೊ ಬಂತು. ಕಲ್ಲಿನ ಗೋಡೆ ಮುಂದೆ ನಾಲ್ವರು ಹುಡುಗರು, ಕೈಯಲ್ಲಿ ಟೀ ಲೋಟ, ಹೊಟ್ಟೆ ಹುಣ್ಣಾಗೋ ಹಾಗೆ ನಗು. ಮೂವರ ಹೆಸರು ಹೇಳಿದರು. ಎಡದಿಂದ ಎರಡನೆಯವನ ಹತ್ತಿರ ಬೆರಳು ನಿಂತಿತು. ಫೋಟೊ ಹಿಂದೆ ತಿರುಗಿಸಿದರು. ಖಾಲಿ. "ಇವನು ಕುಡಿಯೋ ಟೀಗೆ ಮೂರು ಚಮಚ ಸಕ್ಕರೆ. ಇವನ ಅಮ್ಮ ಮಾಡುತ್ತಿದ್ದ ಕೇಕ್ ನೆನಪಿದೆ. ಹೆಸರು..." ಅಷ್ಟಕ್ಕೇ ನಿಲ್ಲಿಸಿದರು. ಆಮೇಲೆ ಬರುತ್ತೆ ಬಿಡಿ ಅಂದೆ. ಅವರು ಆ ದಿನ ಮತ್ತೆ ಡಬ್ಬಿ ಮುಟ್ಟಲಿಲ್ಲ.

ಮಾರನೇ ದಿನ ಗಾಳಿಗೆ ಅಂತ ಇಬ್ಬರೂ ಊರಿನೊಳಗೆ ನಡೆದೆವು. ಅಲ್ಲೊಂದು ಚಿಕ್ಕ ಉದ್ಯಾನ, ಬೆರಿಲ್ ಬರ್ಟನ್ ಹೆಸರಿನದು. ಗೋಡೆಯ ಮೇಲೆ ಸೈಕಲ್ ಏರಿದ ಆಕೆಯ ದೊಡ್ಡ ಚಿತ್ರ. ಮೋರ್ಲಿಯ ರೂಬಾರ್ಬ್ ತೋಟದಲ್ಲಿ ಕೂಲಿ ಮಾಡುತ್ತಿದ್ದವರು ಆಕೆ. ರೂಬಾರ್ಬ್ ಅಂದರೆ ಕೆಂಪು ದಂಟಿನ ಹುಳಿ ಸಸ್ಯ, ಇಲ್ಲಿ ಅದನ್ನು ಕತ್ತಲೆ ಶೆಡ್ಡುಗಳಲ್ಲಿ ಬೆಳೆಸಿ ಮೋಂಬತ್ತಿ ಬೆಳಕಿನಲ್ಲಿ ಕೀಳುತ್ತಾರೆ. ಆ ಕೆಲಸ ಮಾಡಿಕೊಂಡೇ ಆಕೆ ಏಳು ಸಲ ವಿಶ್ವ ಚಾಂಪಿಯನ್ ಆದರು. 1967ರಲ್ಲಿ 12 ಗಂಟೆಯ ಸ್ಪರ್ಧೆಯೊಂದರಲ್ಲಿ 277.25 ಮೈಲಿ ತುಳಿದು, ಅದೇ ದಿನ ಗಂಡಸರ ದಾಖಲೆ ಮಾಡಿದ ಮೈಕ್ ಮೆಕ್‌ನಮಾರನನ್ನೂ ಹಿಂದೆ ಹಾಕಿದರು. ದಾಟಿ ಹೋಗುವಾಗ ಅವನ ಕೈಗೆ ಒಂದು ಮಿಠಾಯಿ ಕೊಟ್ಟರು ಅನ್ನೋದು ಆ ಸೀಮೆಯ ಮನೆಮಾತು. ಆ ದೂರವನ್ನು ಇನ್ನೊಬ್ಬ ಮಹಿಳೆ ಮೀರಿಸೋಕೆ 50 ವರ್ಷ ಬೇಕಾಯಿತು. ಆಕೆ ಕೊನೆವರೆಗೂ ಹಣಕ್ಕಾಗಿ ರೇಸ್ ಮಾಡಲಿಲ್ಲ.

ಓನರ್ ಗೋಡೆ ನೋಡುತ್ತಾ ಅಂದರು: "ಆಕೆಯನ್ನು ಊರೇ ನೆನಪಿಟ್ಟುಕೊಂಡಿದೆ, ಇಟ್ಟುಕೊಳ್ಳಲೇಬೇಕು. ಆದರೆ ನನ್ನ ಗೆಳೆಯನನ್ನು ನೆನಪಿಟ್ಟುಕೊಳ್ಳೋಕೆ ಇದ್ದವನು ನಾನೊಬ್ಬನೇ."

ನನಗೆ ಎದೆ ಭಾರವಾಯಿತು. ಮುಂದಿನ ಭಾನುವಾರ ಆಫೀಸಿನ ಗೆಳೆಯನ ಕಾರು ಕೇಳಿ ತಂದೆ. ಉತ್ತರಕ್ಕೆ ಸುಮಾರು ಒಂದು ಗಂಟೆ ಹೋದರೆ ಬರೋಬ್ರಿಡ್ಜ್ ಎಂಬ ಪೇಟೆ. ಲಂಡನ್ನಿನಿಂದ ಎಡಿನ್‌ಬರಾಕ್ಕೆ ಹೋಗುವ ಗ್ರೇಟ್ ನಾರ್ತ್ ರೋಡ್ ಹಿಂದೆ ಇದರೊಳಗೇ ಹಾಯುತ್ತಿತ್ತು. ಅವರ ರೇಸುಗಳು ನಡೆಯುತ್ತಿದ್ದದ್ದು ಆ ರಸ್ತೆಯಲ್ಲಿ. ಈಗ ವಾಹನಗಳೆಲ್ಲ ಹೊರಗಿನ ಮೋಟಾರ್‌ವೇಗೆ ಹೋಗಿ, ಪಕ್ಕದ ಹಳೇ ರಸ್ತೆ ನಿವೃತ್ತಿಯಾದ ಮೇಷ್ಟ್ರ ಹಾಗೆ ಸುಮ್ಮನೆ ಕೂತಿದೆ.

ಒಂದು ಕಡೆ ನಿಲ್ಲಿಸು ಅಂದರು. ಕೋಲೂರಿ ಇಳಿದು ರಸ್ತೆ ಬದಿಗೆ ನಿಂತರು. "ಇಲ್ಲೇ ಎಲ್ಲೋ ನಾವು ವಾಪಸ್ ತಿರುಗುತ್ತಿದ್ದದ್ದು. ರಸ್ತೆ ನಡುವೆ ಒಬ್ಬ ನಿಂತಿರುತ್ತಿದ್ದ, ಅವನನ್ನು ಸುತ್ತಿ ಹಿಂದಿರುಗಬೇಕು. ಅವನು ನಮ್ಮ ನಂಬರ್ ಕೂಗುತ್ತಿದ್ದ..." ಮಾತು ಅರ್ಧಕ್ಕೆ ನಿಂತಿತು. ಆಮೇಲೆ ಒಂದು ಹೆಸರು ಹೇಳಿದರು, ಎದುರಿಗೆ ಯಾರೋ ನಿಂತಿದ್ದಾರೆ ಅನ್ನೋ ಹಾಗೆ ಜೋರಾಗಿ. ಎಡದಿಂದ ಎರಡನೆಯವನು. ಅವನು ರೇಸ್ ಮಾಡಿದವನೇ ಅಲ್ಲ! ಪ್ರತಿ ಭಾನುವಾರ ಕತ್ತಲಲ್ಲೇ ಎದ್ದು ಬಂದು, ಬೇರೆಯವರಿಗಾಗಿ ರಸ್ತೆ ನಡುವೆ ನಿಲ್ಲುತ್ತಿದ್ದವನು. ಅದಕ್ಕೇ ಯಾವ ರಿಸಲ್ಟ್ ಶೀಟಿನಲ್ಲೂ ಅವನಿಲ್ಲ. ಅಲ್ಲೇ ಕಾರಿನ ಬಾನೆಟ್ ಮೇಲೆ ಫೋಟೊ ಇಟ್ಟು, ಪೆನ್ಸಿಲ್‌ನಲ್ಲಿ ಹಿಂದೆ ಹೆಸರು ಬರೆದರು. ಕೈ ನಡುಗುತ್ತಿತ್ತು, ಅಕ್ಷರ ಮಾತ್ರ ಸ್ಪಷ್ಟ.

ಆ ರಾತ್ರಿ ನನಗೆ ರಾಣೆಬೆನ್ನೂರಿನ ನಮ್ಮ ಮನೆಯ ನಡುಮನೆ ನೆನಪಾಯಿತು. ಅಲ್ಲಿ ಅಜ್ಜನದ್ದೊಂದು ಫೋಟೊ ಇದೆ, ಹೊಳೆಯೋ ಸೈಕಲ್ ಹಿಡಿದು ಗತ್ತಿನಲ್ಲಿ ನಿಂತದ್ದು. ಅಜ್ಜ ಭಾರಿ ಸೈಕಲ್ ಸವಾರ ಅಂತಲೇ ನಾವು ಮೊಮ್ಮಕ್ಕಳೆಲ್ಲ ನಂಬಿಕೊಂಡು ಬೆಳೆದವರು. ಬೆಳಗ್ಗೆ ಅಜ್ಜಿಗೆ ವಿಡಿಯೊ ಕಾಲ್ ಮಾಡಿ ಆ ಸೈಕಲ್ ಕತೆ ಕೇಳಿದೆ. ಅಜ್ಜಿ ನಕ್ಕಿದ್ದೇ ನಕ್ಕಿದ್ದು.

"ನಿಮ್ಮಜ್ಜಗ ಸೈಕಲ್ ಹೊಡಿಯಾಕ ಎಲ್ಲಿ ಬರ್ತಿತ್ತೋ ತಮ್ಮಾ! ಅದು ಸ್ಟುಡಿಯೋದವರ ಸೈಕಲ್ಲು. ಹಿಡಕೊಂಡು ನಿಲ್ಲಾಕ ಸೈತ ಹೆದರ್ತಿದ್ರು."

ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅಜ್ಜಿ ಹೇಳಿರಲಿಲ್ಲ. ಒಂದು ಗಂಟೆ ಮಾತಾಡಿದೆವು. ಟ್ರಂಕಿನಲ್ಲಿ ಇನ್ನೂ ಇಪ್ಪತ್ತು ಫೋಟೊ ಇವೆಯಂತೆ. ತಂಗಿಗೆ ಫೋನ್ ಮಾಡಿ, ಪೆನ್ಸಿಲ್ ತಗೊಂಡು ಅಜ್ಜಿ ಪಕ್ಕ ಕೂತ್ಕೋ ಅಂದೆ.

ನಿಮ್ಮ ಫೋನಿನಲ್ಲಿ ಎಷ್ಟು ಸಾವಿರ ಫೋಟೊ ಇವೆಯೋ ಇರಲಿ. ಈ ಸಲ ಊರಿಗೆ ಹೋದಾಗ ಗೋಡೆ ಮೇಲಿನ ಒಂದನ್ನು ಇಳಿಸಿ, ಧೂಳು ಒರೆಸಿ, ಮನೆಯ ಹಿರಿಯರನ್ನು ಕೇಳಿ: ಇದು ಯಾರು? ಟೀ ಇಡೋಕೆ ಮರೀಬೇಡಿ.