ಹಿಪೊಲಿತಾಳ ಹಾಲು, ರೊದ್ರಿಗೆಸ್ ಮೇಷ್ಟ್ರ ಪಾಠ

ಸಿಮೋನ್ ಬೊಲಿವಾರನ ಬಗ್ಗೆ ಬರೆದವರು ಅವನ ಕುದುರೆ, ಕತ್ತಿ, ಆಂಡಿಸ್ ಪರ್ವತ ದಾಟಿದ ಸಾಹಸ ಹೇಳ್ತಾರೆ. ನಮ್ಮ ಮನೇಲಿ ಮೊದಲು ಡಿಗ್ರಿ ಮುಗಿಸಿದವನು ನಾನು. ಯಾರ ಜೀವನಚರಿತ್ರೆ ಹಿಡಿದರೂ ನನ್ನ ಕಣ್ಣು ಮೊದಲು ಹುಡುಕೋದು ಇಸ್ಕೂಲನ್ನ: ಅಕ್ಷರ ಯಾರು ಕಲಿಸಿದರು, ಯಾರಿಗೆ ಕಲಿಸಲಿಲ್ಲ?

1783ರ ಜುಲೈ 24ರಂದು ವೆನಿಜುವೆಲಾದ ಕರಾಕಸ್‌ನಲ್ಲಿ ಹುಟ್ಟಿದ. ಕೋಕೋ ತೋಟ, ಗುಲಾಮರು ಎಲ್ಲ ಇದ್ದ ಬಿಳಿಯ ಧಣಿಗಳ ಮನೆ. ಎರಡೂವರೆ ವರ್ಷಕ್ಕೆ ಅಪ್ಪ ಸತ್ತ, ಒಂಬತ್ತು ತುಂಬುವ ಹೊತ್ತಿಗೆ ತಾಯಿಯೂ ಹೋದಳು. ಮೊಲೆಯುಣಿಸಿ ಸಾಕಿದವಳು ಆ ಮನೆಯ ಗುಲಾಮಳು, ಹಿಪೊಲಿತಾ ಎಂಬ ಕಪ್ಪು ಹೆಂಗಸು. 1825ರಲ್ಲಿ, ಗೆದ್ದ ನಾಯಕನಾಗಿ ಪೆರುವಿನ ಕುಸ್ಕೋದಲ್ಲಿದ್ದಾಗ, ಬೊಲಿವಾರ್ ಅಕ್ಕನಿಗೆ ಕಾಗದ ಬರೆದ: ಅವಳು ಕೇಳಿದ್ದೆಲ್ಲ ಕೊಡು, ನಾನು ಬೆಳೆದದ್ದು ಅವಳ ಹಾಲಿನಿಂದ, ಅವಳ ಹೊರತು ಬೇರೆ ತಂದೆಯನ್ನು ಕಂಡವನಲ್ಲ ಅಂತ. ತಂದೆ ಅಂದ, ನೋಡಿ!

ನಮ್ಮಜ್ಜಿ ಸೂಲಗಿತ್ತಿ. ಮೇಲುಕೇರಿಯ ಕೂಸುಗಳ ಹೊಕ್ಕಳುಬಳ್ಳಿ ಕೊಯ್ದ ಕೈಗೆ ಆ ಮನೆಯೋರು ಆಮೇಲೆ ನೀರು ಎತ್ತಿ ಹುಯ್ತಿದ್ರು. ಅವಳ ಬಗ್ಗೆ ಯಾರೂ ಇಂಥ ಕಾಗದ ಬರೀಲಿಲ್ಲ.

ಕಾಗದ ಸರಿ. ಹಿಪೊಲಿತಾಳ ಬಣ್ಣದ ಮಕ್ಕಳಿಗೆ ಕರಾಕಸ್‌ನಲ್ಲಿ ಶಾಲೆ ಇತ್ತೆ? ಇರಲಿಲ್ಲ. ಪಟ್ಟಣ ಸಭೆಯ ಶಾಲೆ ಬಿಳಿಯ ಹುಡುಗರಿಗೆ ಮಾತ್ರ. ಅಲ್ಲಿ ಬೊಲಿವಾರನಿಗೆ ಪಾಠ ಹೇಳಿದ ಸಿಮೋನ್ ರೊದ್ರಿಗೆಸ್ ಮೇಷ್ಟ್ರು ಸ್ವತಃ ಹೆತ್ತವರು ಬಿಟ್ಟುಹೋದ ಕೂಸು. 1794ರಲ್ಲಿ ಅವರು ಪಟ್ಟಣ ಸಭೆಗೆ ಒಂದು ವರದಿ ಕೊಟ್ಟರು. ಊರಿನ ಕೈಕಸುಬೆಲ್ಲ ನಡೆಸುವವರು ಕಪ್ಪುಜನ, ಬೆರಕೆ ರಕ್ತದ ಪಾರ್ದೋಗಳು. ಬಿಳಿಯರ ಶಾಲೆಗೆ ಅವರು ಬರುವಂತಿಲ್ಲ, ಕಲಿಸುವವರೂ ಇಲ್ಲ. ಅವರಿಗೂ ವಿದ್ಯೆ ಸಿಗಬೇಕು ಅಂತ ಬರೆದರು. ಮರುವರ್ಷ ಮೇಷ್ಟ್ರು ಕೆಲಸ ಬಿಟ್ಟರು.

ಅದೇ 1795ರಲ್ಲಿ ಹನ್ನೆರಡರ ಹುಡುಗ ಬೊಲಿವಾರ್ ಸೋದರಮಾವನ ಮನೆಯಿಂದ ಅಕ್ಕನ ಮನೆಗೆ ಓಡಿಹೋದ. ನ್ಯಾಯಾಲಯ ಅವನನ್ನು ಮೇಷ್ಟ್ರ ಮನೇಲಿ ಇರಿಸಿತು. ಅಲ್ಲಿಂದಲೂ ಒಮ್ಮೆ ಓಡಿದ! ರೂಸೋ ಹೇಳಿದ ಹಾಗೆ ಬಯಲಲ್ಲಿ ಬೆಳೆಸಿದರು ಅನ್ನೋ ಕತೆ ಕೇಳಲು ಚೆಂದ. ಆ ಮನೆಯಲ್ಲಿ ಅವನಿದ್ದದ್ದು ಕೆಲವೇ ತಿಂಗಳು.

ಇನ್ನೊಂದು ಸಂಗತಿ. 1795ರಲ್ಲೇ ಸ್ಪೇನಿನ ದೊರೆ, ದುಡ್ಡು ಕಟ್ಟಿದ ಪಾರ್ದೋಗಳ ಹುಟ್ಟಿನ 'ಕಳಂಕ' ತೆಗೆಯುವ ದರಪಟ್ಟಿ ಹೊರಡಿಸಿದ. ಜಾತಿಗೂ ರಸೀದಿ! ಅದನ್ನೂ ತಡೀಲಾರದೆ ಕರಾಕಸ್‌ನ ಧಣಿಗಳು 1796ರಲ್ಲಿ ಪ್ರತಿಭಟಿಸಿದರು. ಬೊಲಿವಾರನ ಕುಲದವರೇ.

1805ರ ಆಗಸ್ಟ್‌ನಲ್ಲಿ ರೋಮಿನ ಗುಡ್ಡದ ಮೇಲೆ, ಇದೇ ಮೇಷ್ಟ್ರ ಎದುರು, ಸ್ಪೇನಿನ ಸಂಕೋಲೆ ಮುರಿಯುವ ಪ್ರಮಾಣ ಮಾಡಿದ. ಅದರಲ್ಲಿ ಗುಲಾಮರ ಸಂಕೋಲೆಯೂ ಸೇರಿತ್ತೆ? ನನಗೆ ಅನುಮಾನ. ಆ ಪಾಠ ಹೇಳಿದ್ದು ಗುಲಾಮರೇ ಬಂಡೆದ್ದು ಕಟ್ಟಿದ ಹೈಟಿ. ಸೋತು ಬಂದ ಬೊಲಿವಾರನಿಗೆ ಅಧ್ಯಕ್ಷ ಪೆಸಿಯೋ ಬಂದೂಕು ಕೊಟ್ಟ. ಗುಲಾಮರನ್ನು ಬಿಡುಗಡೆ ಮಾಡಬೇಕು ಅಂತ ಷರತ್ತು ಹಾಕಿದ. 1816ರಲ್ಲಿ ಬೊಲಿವಾರ್ ಘೋಷಿಸಿದ, ಸೈನ್ಯ ಸೇರಬೇಕೆಂಬ ತನ್ನ ಷರತ್ತು ಸೇರಿಸಿ.

ಮೇಷ್ಟ್ರು ಮಾತ್ರ ತಮ್ಮ ವರದಿ ಮರೀಲಿಲ್ಲ. ಬೊಲಿವಾರನ ಬೆಂಬಲದಿಂದ ಬೊಲಿವಿಯಾದ ಚುಕಿಸಾಕಾದಲ್ಲಿ ಬಡಮಕ್ಕಳಿಗೆ ಶಾಲೆ ತೆರೆದರು. ಹೆಣ್ಣು ಗಂಡು ಎಲ್ಲರಿಗೂ ಓದು. ಜೊತೆಗೆ ಬಡಗಿ, ಗಾರೆ, ಕಮ್ಮಾರ ಕೆಲಸ. ಊರಿನ ದೊಡ್ಡೋರು ತಿರುಗಿಬಿದ್ದರು. 1826ರಲ್ಲಿ ಅದೂ ಮುಚ್ಚಿತು. 1854ರ ಫೆಬ್ರವರಿಯಲ್ಲಿ ಪೆರುವಿನ ಒಂದು ಹಳ್ಳಿಯಲ್ಲಿ ಮೇಷ್ಟ್ರು ಬಡವರಾಗೇ ಸತ್ತರು. ವೆನಿಜುವೆಲಾ ಗುಲಾಮಗಿರಿ ರದ್ದು ಮಾಡಿದ್ದು ಅದರ ಮುಂದಿನ ತಿಂಗಳು.