ಆಯ್ದ ಅಕ್ಕಿ ಮತ್ತು ತರಗತಿಯ ಪರದೆ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣ ಆಯ್ದಕ್ಕಿ ಮಾರಯ್ಯನವರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕವಾಗಿ ಕೈಗೊಂಡಿದ್ದರು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಪತ್ನಿ ಲಕ್ಕಮ್ಮನವರು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಅಂದಿಗೆ ಬೇಕಾದುದಕ್ಕಿಂತ ಮಿಗಿಲಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಈ ಪ್ರಸಂಗವನ್ನು ಸಾಮಾನ್ಯವಾಗಿ ಆಸೆಯ ನಿರಸನಕ್ಕೆ ನಿದರ್ಶನವಾಗಿ ವಿವರಿಸುವುದುಂಟು. ಆದರೆ ಲಕ್ಕಮ್ಮನವರ ನಡೆಯಲ್ಲಿ ಇನ್ನೂ ಒಂದು ಅರ್ಥವಿದೆ. ವಸ್ತುವು ಒಳ್ಳೆಯದೇ ಆಗಿದ್ದರೂ ಅದರ ಅಳತೆಯನ್ನು ನಿರ್ಣಯಿಸಬೇಕಾದುದು ಅಗತ್ಯವೇ ಹೊರತು ದೊರಕುವಿಕೆಯಲ್ಲ. ಈ ಮಾತು ಅಕ್ಕಿಗೆ ಸಲ್ಲುವಂತೆ ಅರಿವಿಗೂ ಸಲ್ಲುತ್ತದೆ ಎಂಬುದನ್ನು ಕುಷ್ಟಗಿ ತಾಲೂಕಿನ ಸರಕಾರಿ ಪ್ರಾಥಮಿಕ ಶಾಲೆಯೊಂದರ ಗುರುಮಾತೆಯೊಬ್ಬರು ತಮ್ಮ ತರಗತಿಯಲ್ಲಿ ಕಂಡುಕೊಂಡರು.

ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು 1997ರಲ್ಲಿ ಕೊಪ್ಪಳ ಜಿಲ್ಲೆಯು ಉದಯಿಸಿದಾಗ ಅದರಲ್ಲಿದ್ದವು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕೇ ತಾಲೂಕುಗಳು. ಕುಕನೂರು, ಕಾರಟಗಿ, ಕನಕಗಿರಿಗಳು ಅನಂತರ ತಾಲೂಕುಗಳಾದವು. ಜಿಲ್ಲೆ ಒಂದೇ ಆದರೂ ನೆಲ ಒಂದೇ ಅಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯ ಕಡೆ ಭತ್ತದ ಗದ್ದೆಗಳು. ಅಲ್ಲಿಯ ಕ್ಯಾಂಪುಗಳ ಶಾಲೆಗಳಲ್ಲಿ ಮನೆಯಲ್ಲಿ ತೆಲುಗು ಆಡುವ ಮಕ್ಕಳು ಕನ್ನಡ ಆಡುವ ಮಕ್ಕಳೊಡನೆ ಒಂದೇ ಸಾಲಿನಲ್ಲಿ ಕೂಡುತ್ತಾರೆ. ಕುಷ್ಟಗಿ ಯಲಬುರ್ಗಾಗಳದು ಜೋಳ ಸಜ್ಜೆಗಳ ಮಳೆಯಾಶ್ರಿತ ಬಯಲು. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಗುಳೆ ಹೋಗುವುದು ಇಲ್ಲಿ ಹೊಸ ಸಂಗತಿಯಲ್ಲ. ಗಂಗಾವತಿಯ ಕಡೆ ಮೊದಲು ಸೇವೆಗೆ ಸೇರಿ, ಬಳಿಕ ಕುಷ್ಟಗಿಗೆ ವರ್ಗವಾಗಿ ಬಂದ ಆ ಗುರುಮಾತೆಗೆ ಎರಡೂ ನೆಲಗಳ ಮಕ್ಕಳ ಪರಿಚಯವಿದ್ದಿತು.

2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದವು. ಆ ವರ್ಷದ ಆಗಸ್ಟಿನಲ್ಲಿ ಆರಂಭವಾದ ವಿದ್ಯಾಗಮ ಕಾರ್ಯಕ್ರಮದಡಿ ಅವರು ಗುಡಿಯ ಕಟ್ಟೆ, ಬೇವಿನ ಮರದ ನೆರಳುಗಳಲ್ಲಿ ಪಾಠ ಹೇಳಿದರು. ಅಕ್ಟೋಬರಿನಲ್ಲಿ ಅದೂ ನಿಂತಿತು. ಒಂದರಿಂದ ಐದನೆಯ ತರಗತಿಯ ಮಕ್ಕಳು ಮರಳಿ ಶಾಲೆಯ ಮೆಟ್ಟಿಲು ಹತ್ತಿದುದು 2021ರ ಅಕ್ಟೋಬರ್ 25ರಂದು. 2022ರ ಬೇಸಿಗೆ ಕಳೆದು ನಾಲ್ಕನೆಯ ತರಗತಿಗೆ ಬಂದು ಕುಳಿತ ಮಕ್ಕಳು ಎರಡನೆಯ ತರಗತಿಯನ್ನು ಬಹುಪಾಲು ಕಂಡೇ ಇರಲಿಲ್ಲ. ಈ ಕೊರತೆಯನ್ನು ತುಂಬಲೆಂದೇ ಆ ವರ್ಷ ಸರಕಾರವು ಕಲಿಕಾ ಚೇತರಿಕೆ ಕಾರ್ಯಕ್ರಮವನ್ನು ತಂದಿತು.

ಗುರುಮಾತೆಯು ಶ್ರದ್ಧೆಯುಳ್ಳವರು. 2017ರ ಶಿಕ್ಷಕರ ದಿನದಂದು ಆರಂಭವಾದ ದೀಕ್ಷಾ ವೇದಿಕೆಯಿಂದ ಪಾಠದ ವಿಡಿಯೋಗಳನ್ನು ರಾತ್ರಿ ಕುಳಿತು ಇಳಿಸಿಕೊಂಡರು. ಪಠ್ಯಪುಸ್ತಕದ ಪ್ರತಿ ಪಾಠದ ಕ್ಯೂಆರ್ ಸಂಕೇತಕ್ಕೂ ಫೋನು ಹಿಡಿದು ನೋಡಿದರು. ದಾನಿಗಳು ಶಾಲೆಗೆ ನೀಡಿದ್ದ ಪ್ರೊಜೆಕ್ಟರಿನ ಧೂಳು ಒರೆಸಿ, ಕಿಟಕಿಗೆ ಹಳೆಯ ಸೀರೆಯನ್ನು ಪರದೆಯಾಗಿ ಕಟ್ಟಿದರು. ಕರೆಂಟು ಇದ್ದ ದಿನಗಳಲ್ಲಿ ಗೋಡೆಯ ಮೇಲೆ ಅಂಕಿಗಳು ಕುಣಿದವು, ಹಾಡಿದವು. ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ತಿಳಿಯಿತೇ ಎಂದು ಕೇಳಿದಾಗ ಹೂನ್ರೀ ಅಕ್ಕೋರ ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು. ಇಂತಹ ಮೂರು ವಾರಗಳ ಬಳಿಕ ಅವರು 402ರಿಂದ 175ನ್ನು ಕಳೆಯಲು ಕೊಟ್ಟರು.

ಹಿಂದಿನ ಸಾಲಿನ ಹುಡುಗನೊಬ್ಬನು 373 ಎಂದು ಬರೆದಿದ್ದನು. ಸುತ್ತಲಿನ ಹಲವರ ಪಾಟಿಯ ಮೇಲೆಯೂ ಅದೇ ಉತ್ತರವಿತ್ತು. ಇದು ಅಜಾಗರೂಕತೆಯಿಂದ ಆದ ತಪ್ಪಲ್ಲ. ನಾಲ್ಕರಲ್ಲಿ ಒಂದು ಕಳೆದರೆ ಮೂರು. ಸೊನ್ನೆಗೂ ಏಳಕ್ಕೂ ಇರುವ ಅಂತರ ಏಳು. ಎರಡಕ್ಕೂ ಐದಕ್ಕೂ ಇರುವ ಅಂತರ ಮೂರು. ಪ್ರತಿ ಮನೆಯಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆಯುವ ತನ್ನದೇ ನಿಯಮವೊಂದನ್ನು ಮಗು ಕಟ್ಟಿಕೊಂಡಿದೆ. ತಪ್ಪಿನ ಹಿಂದೆಯೂ ಒಂದು ವಿಚಾರವಿದೆ. ಆ ವಿಚಾರವನ್ನು ಕೇಳಿ ತಿಳಿಯದೆ ಸರಿಯುತ್ತರವನ್ನು ಎಷ್ಟು ಸಲ ತೋರಿಸಿದರೂ ಅದು ಮಗುವಿನ ಕಣ್ಣಿನಲ್ಲಿ ನಿಲ್ಲುತ್ತದೆಯೇ ಹೊರತು ತಿಳಿವಿಗೆ ಇಳಿಯುವುದಿಲ್ಲ. ಪರದೆ ನೂರು ಬಗೆಯಲ್ಲಿ ಹೇಳಬಲ್ಲದು. ನೀನು ಹೀಗೇಕೆ ಮಾಡಿದೆ ಎಂದು ಅದು ಆ ಹುಡುಗನನ್ನು ಕೇಳಿರಲಿಲ್ಲ. ಗುರುಮಾತೆಯೂ ಕೇಳಿರಲಿಲ್ಲ.

ಅದೇ ವಾರ ಹುಡುಗನ ತಂದೆ ಶಾಲೆಗೆ ಬಂದನು. ದುಡಿಮೆಗೆಂದು ಬೆಂಗಳೂರಿಗೆ ಹೊರಡುವ ವಿಚಾರ ಆ ಮನೆಯಲ್ಲಿ ನಡೆದಿತ್ತು. "ಲೆಕ್ಕಾನ ಬರಂಗಿಲ್ಲ ಅಂದ್ರ ಸಾಲಿ ಯಾಕ್ರೀ ಅಕ್ಕಾರ? ನಮ್ಮ ಕೂಡ ಬಂದ್ರ ತಂಗಿನರ ನೋಡ್ಕೋತಾನ" ಎಂದನು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ನಿರಾಸೆಯಿತ್ತು. ಗುರುಮಾತೆಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಶಾಲೆಯ ಕಪಾಟಿನಲ್ಲಿ ಗಣಿತದ ಪೆಟ್ಟಿಗೆಯೊಂದಿತ್ತು. ಅಕ್ಷರ ಫೌಂಡೇಶನ್ ಸಂಸ್ಥೆಯು ಸರಕಾರದೊಡನೆ ಸೇರಿ ನಡೆಸಿದ ಗಣಿತ ಕಲಿಕಾ ಆಂದೋಲನದಡಿ ಈ ಭಾಗದ ಶಾಲೆಗಳಿಗೆ ಬಂದ ಪೆಟ್ಟಿಗೆಯದು. ಆಟದ ನೋಟುಗಳು, ದಾಳಗಳು, ಭಿನ್ನರಾಶಿಯ ತುಂಡುಗಳು ಅದರೊಳಗಿದ್ದವು. ಸಾಮಾನು ಕಳೆದುಹೋದರೆ ಲೆಕ್ಕ ಕೊಡಬೇಕಾದೀತೆಂಬ ಅಂಜಿಕೆಯಿಂದ ಅದಕ್ಕೆ ಬೀಗ ಬಿದ್ದಿತ್ತು. ಮರುದಿನ ಆ ಬೀಗ ತೆರೆಯಿತು. ನೂರರ ನಾಲ್ಕು ನೋಟುಗಳನ್ನೂ ಒಂದು ರೂಪಾಯಿಯ ಎರಡು ನಾಣ್ಯಗಳನ್ನೂ ಹುಡುಗನ ಕೈಗಿತ್ತು, "ನನಗ ನೂರಾ ಎಪ್ಪತ್ತೈದು ಕೊಡಪಾ" ಎಂದು ಗುರುಮಾತೆಯು ಕೈಯೊಡ್ಡಿದರು. ಹುಡುಗನು ಕ್ಷಣಕಾಲ ನೋಟುಗಳನ್ನು ನೋಡಿ, "ನೋಟು ಮುರಿಸಬೇಕ್ರೀ ಅಕ್ಕೋರ" ಎಂದನು.

ವಾರದ ಸಂತೆಯಲ್ಲಿ ತಾಯಿಯ ಪಕ್ಕದಲ್ಲಿ ಕುಳಿತು ಕಾಯಿಪಲ್ಲೆ ಮಾರುವ ಹುಡುಗನವನು. ನೂರರ ಒಂದು ನೋಟನ್ನು ಹತ್ತು ಹತ್ತುಗಳಾಗಿ ಮುರಿಸಿದನು. ಅದರಲ್ಲಿ ಒಂದು ಹತ್ತನ್ನು ಹತ್ತು ಒಂದುಗಳಾಗಿ ಮುರಿಸಿದನು. ಈಗ ಅವನ ಮುಂದೆ ಮೂರು ನೂರು, ಒಂಬತ್ತು ಹತ್ತು, ಹನ್ನೆರಡು ಬಿಡಿ ನಾಣ್ಯಗಳಿದ್ದವು. ಕೊಡಬೇಕಾದುದನ್ನು ಕೊಟ್ಟು ಉಳಿದುದನ್ನು ಎಣಿಸಿ 227 ಎಂದನು. ಪಾಟಿಯ ಮೇಲೆ ದಶಕ ತಂದುಕೊಳ್ಳುವುದೆಂದರೆ ಇದೇ ನೋಟು ಮುರಿಸುವುದು ಎಂದು ತೋರಿಸಲು ಬಳಿಕ ಐದು ನಿಮಿಷವೂ ಹಿಡಿಯಲಿಲ್ಲ. ಲೆಕ್ಕ ಅವನಿಗೆ ಬರುತ್ತಿತ್ತು. ಸಂತೆಯ ಲೆಕ್ಕವೂ ಶಾಲೆಯ ಲೆಕ್ಕವೂ ಒಂದೇ ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಶರಣರು ಬೋಧಿಸಿದ ಬಗೆಯೂ ಇದೇ ಅಲ್ಲವೇ? ಅಂಬಿಗರ ಚೌಡಯ್ಯನವರಿಗೆ ದೋಣಿ, ನುಲಿಯ ಚಂದಯ್ಯನವರಿಗೆ ಹಗ್ಗ, ಮಡಿವಾಳ ಮಾಚಯ್ಯನವರಿಗೆ ಮಡಿ, ಮೇದಾರ ಕೇತಯ್ಯನವರಿಗೆ ಬಿದಿರು. ಕೈಯಲ್ಲಿರುವ ಕಾಯಕದಿಂದಲೇ ಕಾಣದ ತತ್ತ್ವಕ್ಕೆ ದಾರಿ ಮಾಡಿದವರು ಅವರು. ಅನುಭವ ಮಂಟಪದಲ್ಲಿ ಪ್ರಶ್ನಿಸುವ ಹಕ್ಕು ಎಲ್ಲರಿಗೂ ಇದ್ದಿತು. ಉತ್ತರ ಬಂದಮೇಲೆಯೂ ಪ್ರಶ್ನೆ ಮುಗಿಯುತ್ತಿರಲಿಲ್ಲ. ಒಂದೇ ದನಿಯಲ್ಲಿ ಹೂಂ ಎನ್ನುವ ಸಭೆ ಅದಾಗಿರಲಿಲ್ಲ.

ಅಂದಿನಿಂದ ಗುರುಮಾತೆಯು ಲಕ್ಕಮ್ಮನವರಂತೆ ಹೆಚ್ಚಾದುದನ್ನು ಹಿಂದಕ್ಕೆ ಸುರಿದರು. ನಲವತ್ತು ನಿಮಿಷದ ಅವಧಿಗೆ ಮೂರು ನಿಮಿಷಕ್ಕಿಂತ ಹೆಚ್ಚಿನ ವಿಡಿಯೋ ಬೇಡವೆಂದು ನಿಶ್ಚಯಿಸಿದರು. ಆ ಮೂರು ನಿಮಿಷವನ್ನೂ ನಡುವೆ ನಿಲ್ಲಿಸಿ, ಮುಂದೇನಾದೀತೆಂದು ಮಕ್ಕಳನ್ನೇ ಕೇಳತೊಡಗಿದರು. ಮೊದಲು ಪ್ರತಿ ಮಗುವೂ ತನ್ನಷ್ಟಕ್ಕೆ ಯೋಚಿಸಬೇಕು. ಬಳಿಕ ಪಕ್ಕದವರೊಡನೆ ಮಾತಾಡಬೇಕು. ಕೊನೆಗೆ ತರಗತಿಗೆ ಹೇಳಬೇಕು. ಅಮೆರಿಕದ ಫ್ರಾಂಕ್ ಲೈಮನ್ ಎಂಬ ಶಿಕ್ಷಣತಜ್ಞರು 1981ರಲ್ಲಿ ವಿವರಿಸಿದ ಈ ಕ್ರಮಕ್ಕೆ ಯಾವ ಯಂತ್ರವೂ ಬೇಕಿಲ್ಲ. ಅದೇ ದೇಶದ ಮೇರಿ ಬಡ್ ರೋವ್ ಅವರು 1970ರ ದಶಕದಲ್ಲಿ ತರಗತಿಗಳನ್ನು ಪರಿಶೀಲಿಸಿ, ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂದೂ, ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಮಕ್ಕಳ ಉತ್ತರಗಳು ದೀರ್ಘವಾಗಿ, ಎಂದೂ ಬಾಯಿ ತೆರೆಯದವರೂ ಮಾತಾಡುತ್ತಾರೆಂದೂ ತೋರಿಸಿದರು. ಗುರುಮಾತೆಗೆ ಆ ಮೂರು ಸೆಕೆಂಡುಗಳ ಮೌನವೇ ಎಲ್ಲಕ್ಕಿಂತ ಕಠಿಣವಾಗಿ ತೋರಿತು. ಬೆರಳೆಣಿಸಿಕೊಂಡು ಕಾದರು. ಹಿಂದಿನ ಸಾಲು ಮಾತಾಡತೊಡಗಿತು.

ಇದರಿಂದ ಉಪಕರಣವೇ ಬೇಡವೆಂಬ ತೀರ್ಮಾನಕ್ಕೆ ಬರಲಾಗದು. ಯಲಬುರ್ಗಾದ ಕಡೆಯ ಪ್ರೌಢಶಾಲೆಯೊಂದರ ಗಣಿತದ ಗುರುಗಳು ಮಕ್ಕಳನ್ನು ಇಟಗಿಯ ಮಹಾದೇವ ದೇವಾಲಯಕ್ಕೆ ಕರೆದೊಯ್ದು, ಅಲ್ಲಿಯ ಪುಷ್ಕರಣಿಯ ಮೆಟ್ಟಿಲುಗಳನ್ನು ಹಗ್ಗದಿಂದ ಅಳೆಸಿದರು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಗುಡಿಯದು. ಶಾಲೆಗೆ ಮರಳಿದ ಮಕ್ಕಳು ಆ ಅಳತೆಗಳನ್ನು ಜಿಯೋಜೀಬ್ರಾ ಎಂಬ ಉಚಿತ ತಂತ್ರಾಂಶದಲ್ಲಿ ಹಾಕಿ, ಚೌಕವನ್ನು ತಿರುಗಿಸಿ, ಹಿಗ್ಗಿಸಿ, ಕುಗ್ಗಿಸಿ, ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಎಂದು ತಾವೇ ನೋಡಿದರು. ಕಪ್ಪುಹಲಗೆಯ ಮೇಲೆ ಬರೆದ ಚೌಕ ತಿರುಗದು. ಇಲ್ಲಿ ಯಂತ್ರವು ಗುರುವಿನಿಂದಾಗದ ಕೆಲಸವನ್ನು ಮಾಡಿತು. ಆದರೆ ಹಗ್ಗ ಹಿಡಿದು ಅಳೆದ ಕೈ ಮೊದಲು ಇದ್ದಿತು.

ಕೊಪ್ಪಳದ ಗವಿಮಠದ ಬೆಟ್ಟದ ಮೇಲೆಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿವೆ. 1931ರಲ್ಲಿ ಅವು ಬೆಳಕಿಗೆ ಬಂದವು. ಎರಡು ಸಾವಿರ ವರ್ಷಗಳಿಗೂ ಹಿಂದೆ ಬಂಡೆಯೇ ಹೊಸ ಸಾಧನ. ಅಳಿಯದಂತೆ, ಎಲ್ಲರಿಗೂ ಕಾಣುವಂತೆ ಧರ್ಮದ ಮಾತನ್ನು ಅದರ ಮೇಲೆ ಬರೆಸಲಾಯಿತು. ಆದರೆ ಆ ಬ್ರಾಹ್ಮಿ ಲಿಪಿಯನ್ನು ಬಲ್ಲವರು ಇಲ್ಲವಾದಾಗ ಬಂಡೆ ಮೌನ ತಾಳಿತು. ಬಳಿಕ ಬಂದ ಸಾಧನಗಳ ಗತಿಯೂ ಇದಕ್ಕಿಂತ ಬೇರೆಯಲ್ಲ. ಆಕಾಶವಾಣಿಯ ಪಾಠಗಳು ಬಂದವು. 2004ರಲ್ಲಿ ಎಜುಸ್ಯಾಟ್ ಉಪಗ್ರಹವು ಗಗನಕ್ಕೇರಿತು. ಈಗ ಅಂಗೈಯಲ್ಲಿಯೇ ಪರದೆ ಬಂದಿದೆ. ಪ್ರತಿ ಸಾಧನದ ಬಳಿಯಲ್ಲಿಯೂ ಮಗುವಿನ ಮುಖ ನೋಡಿ ಓದಿ ಹೇಳುವವರೊಬ್ಬರು ಬೇಕಾಯಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ಮುಂದೆ ರಾಜ್ಯವನ್ನೆಲ್ಲ ವ್ಯಾಪಿಸಿದ ನಲಿಕಲಿಯು ಬರೀ ರಟ್ಟಿನ ಕಾರ್ಡುಗಳಿಂದಲೇ ಮಗುವನ್ನು ಅದರ ವೇಗದಲ್ಲಿ ನಡೆಸಿದುದು ಈ ಕಾರಣಕ್ಕಾಗಿಯೇ ನೆನೆಯತಕ್ಕದ್ದಾಗಿದೆ.

ಸಂಕ್ರಾಂತಿ ಮುಗಿಯುತ್ತಲೇ ಹುಡುಗನ ಮನೆಯವರು ಬೆಂಗಳೂರಿಗೆ ಗುಳೆ ಹೋದರು. ಹುಡುಗನೂ ಹೋದನು; ತಡೆಯುವ ಬಲ ಗುರುಮಾತೆಗೆ ಇರಲಿಲ್ಲ. ಮನೆಗೆ ಇದ್ದುದು ಒಂದೇ ಫೋನು. ಹಗಲೆಲ್ಲ ಅದು ತಂದೆಯ ಜೇಬಿನಲ್ಲಿರುತ್ತಿತ್ತು. ಆದುದರಿಂದ ಅವರು ವಿಡಿಯೋ ಕಳುಹಿಸಲಿಲ್ಲ. ರಾತ್ರಿ ಊಟದ ಹೊತ್ತಿಗೆ ಒಂದೇ ಒಂದು ಲೆಕ್ಕವನ್ನು ತಮ್ಮ ದನಿಯಲ್ಲಿ ಹೇಳಿ ವಾಟ್ಸ್ಆ್ಯಪಿನಲ್ಲಿ ಕಳುಹಿಸುತ್ತಿದ್ದರು. ಉತ್ತರವೊಂದೇ ಸಾಲದು, ಹೇಗೆ ಮಾಡಿದೆಯೆಂದು ಹುಡುಗನು ಹೇಳಬೇಕಿತ್ತು. ಮೂರು ವಾರ ಅವನ ದನಿ ಬಂದಿತು. ಹಿಂದೆ ಕಾಂಕ್ರೀಟು ಕಲಸುವ ಯಂತ್ರದ ಸದ್ದು, ತಂಗಿಯ ಅಳು ಕೇಳುತ್ತಿದ್ದವು. ಬಳಿಕ ದನಿ ನಿಂತಿತು. ಗುರುಮಾತೆಯು ಕಳುಹಿಸುವುದನ್ನು ನಿಲ್ಲಿಸಲಿಲ್ಲ.

2023ರ ಮಾರ್ಚ್ 22ರ ಯುಗಾದಿಗೆ ಆ ಮನೆಯವರು ಊರಿಗೆ ಮರಳಿದರು. ಹಬ್ಬದ ಮರುದಿನ ಹುಡುಗನು ಶಾಲೆಯ ಬಾಗಿಲಲ್ಲಿ ನಿಂತಿದ್ದನು. ಓದು ಹಿಂದೆ ಬಿದ್ದಿತ್ತು. ಕನ್ನಡ ಪುಸ್ತಕದ ಒಂದು ಪುಟಕ್ಕೆ ನಾಲ್ಕು ಕಡೆ ತಡವರಿಸಿದನು. ಫೋನಿಗೆ ಹಣ ಹಾಕಿಸಲಾಗಲಿಲ್ಲವೆಂದು ತಂದೆ ಹೇಳಿದನು. ಲೆಕ್ಕವನ್ನು ಮರೆತೆಯಾ ಎಂದು ಕೇಳಿದಾಗ ಹುಡುಗನು ತಲೆಯಾಡಿಸಿ, ತಂಗಿಯನ್ನು ಮುಂದೆ ತಂದು ಕೂರಿಸಿದನು. ಶಾಲೆಗೆ ಇನ್ನೂ ಸೇರದ ಆ ಕೂಸು ನೆಲದ ಮೇಲೆ ಹರಳುಗಳನ್ನು ಹತ್ತರಂತೆ ಗುಂಪುಮಾಡಿ, ಒಂದು ಗುಂಪನ್ನು ಒಡೆದು, "ಮುರಿಸಿದೆ" ಎಂದಿತು. ತಂದೆ ನಿಂತು ನೋಡುತ್ತಿದ್ದನು. ಜೂನಿನಲ್ಲಿ ಇಬ್ಬರ ಹೆಸರೂ ಹಾಜರಿ ಪುಸ್ತಕದಲ್ಲಿ ಇರಲಿ ಎಂದಷ್ಟೇ ಹೇಳಿ ಹೊರಟನು.

ತಾನು ಪಡೆದುದನ್ನು ತನ್ನಲ್ಲಿಯೇ ಇಟ್ಟುಕೊಳ್ಳದೆ ಹಂಚುವುದನ್ನು ಶರಣರು ದಾಸೋಹವೆಂದರು. ಅನ್ನಕ್ಕೆ ದಾಸೋಹವಿರುವಂತೆ ಅಕ್ಷರಕ್ಕೂ ಉಂಟು. ಕಟ್ಟಡದ ಕೆಲಸದ ಶೆಡ್ಡಿನಲ್ಲಿ ಕುಳಿತು ತಂಗಿಗೆ ಹರಳು ಎಣಿಸಲು ಕಲಿಸಿದ ಹುಡುಗನು ಆ ಹೆಸರನ್ನು ಅರಿಯದೆಯೇ ಅದನ್ನು ಮಾಡಿದ್ದನು. ಗುರುಮಾತೆಯ ಫೋನಿನಲ್ಲಿ ಇಳಿಸಿಟ್ಟ ನೂರಾರು ವಿಡಿಯೋಗಳಲ್ಲಿ ಅವನಿಗೆ ಅಗತ್ಯವಿದ್ದುದು ಒಂದು ಪ್ರಶ್ನೆ, ಒಂದಿಷ್ಟು ಕಾಯುವ ಸಹನೆ, ದಿನಕ್ಕೊಂದು ಲೆಕ್ಕ. ಅಂದಿಗೆ ಬೇಕಾದಷ್ಟೇ ಅಕ್ಕಿ. ಅಷ್ಟರಿಂದಲೇ ಇನ್ನೊಂದು ಎಲೆಗೂ ಬಡಿಸಲು ಸಾಧ್ಯವಾಯಿತು.