ಹಿಮ ಕಳೆದುಕೊಂಡ ಚಕಲ್ತಾಯ

ಸಮುದ್ರಮಟ್ಟದಿಂದ ಐದು ಸಾವಿರ ಮೀಟರಿಗೂ ಹೆಚ್ಚು ಎತ್ತರ. ಉಸಿರಿಗೆ ಸಿಗುವ ಆಮ್ಲಜನಕ ಕರಾವಳಿಯಲ್ಲಿ ಸಿಗುವುದರ ಸುಮಾರು ಅರ್ಧದಷ್ಟು. ಹತ್ತು ಹೆಜ್ಜೆ ನಡೆದರೆ ಏದುಸಿರು. ಇಂಥ ಜಾಗದಲ್ಲಿ ಜನ ಹಿಮದ ಮೇಲೆ ಜಾರುತ್ತಾ ನಲಿಯುತ್ತಿದ್ದರೆಂದರೆ ನಂಬುವುದು ಕಷ್ಟ!

ಅದು ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಚಕಲ್ತಾಯ. ಲಾ ಪಾಜ್ ನಗರದಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಆಂಡೀಸ್ ಪರ್ವತಶ್ರೇಣಿಯಲ್ಲಿದೆ. ಸ್ಥಳೀಯರ ಐಮಾರಾ ಭಾಷೆಯಲ್ಲಿ ಈ ಹೆಸರಿಗೆ 'ತಣ್ಣನೆಯ ದಾರಿ' ಎಂದರ್ಥ. ಅಂಕುಡೊಂಕಾದ ಕಿರಿದಾದ ಮಣ್ಣುರಸ್ತೆ ಏರಿ ಮೇಲೆ ನಿಂತರೆ ಒಂದೆಡೆ 6,088 ಮೀಟರ್ ಎತ್ತರದ ವಾಯ್ನಾ ಪೊಟೊಸಿ ಶಿಖರ. ಕೆಳಗೆ ಬಣ್ಣಬಣ್ಣದ ಪುಟ್ಟ ಕೊಳಗಳು. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ನೀಲಿಗೆರೆಯಂತೆ ಟಿಟಿಕಾಕಾ ಸರೋವರ!

1939ರಲ್ಲಿ ಉತ್ಸಾಹಿಗಳು ಇಲ್ಲಿ ಕಾರಿನ ಎಂಜಿನ್ ಜೋಡಿಸಿ ಹಗ್ಗದ ಎಳೆಯಂತ್ರ ನಿಲ್ಲಿಸಿದರು. ಹಗ್ಗ ಹಿಡಿದು ಮೇಲೇರುವುದು, ಸ್ಕೀ ಕಟ್ಟಿಕೊಂಡು ಜಾರಿ ಇಳಿಯುವುದು. ಸವಲತ್ತು ಇಷ್ಟೇ ಆದರೂ ಜಗತ್ತಿನ ಅತಿ ಎತ್ತರದ ಸ್ಕೀ ತಾಣವೆಂಬ ಹೆಗ್ಗಳಿಕೆ ಇದರದಾಗಿತ್ತು.

ಆಟಕ್ಕೆ ಆಸರೆಯಾಗಿದ್ದುದು ಸಾವಿರಾರು ವರ್ಷ ಹಳೆಯದಾದ ಒಂದು ಚಿಕ್ಕ ಹಿಮನದಿ. ವಿಜ್ಞಾನಿಗಳು 1990ರ ದಶಕದಿಂದ ಅದನ್ನು ಅಳೆಯುತ್ತಾ ಬಂದರು. 2015ರವರೆಗಾದರೂ ಉಳಿದೀತೆಂಬುದು ಬೊಲಿವಿಯಾದ ಹಿಮತಜ್ಞ ಎಡ್ಸನ್ ರಾಮಿರೆಸ್ ಅವರ ಅಂದಾಜಾಗಿತ್ತು. ಆದರೆ ಅದು 2009ರಲ್ಲೇ ಮಾಯವಾಯಿತು!

ಇಷ್ಟು ಅವಸರವೇಕೆ? ಬಿಳಿಯ ಹಿಮ ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಕಪ್ಪು ಬಂಡೆ ಹೀರಿಕೊಳ್ಳುತ್ತದೆ. ಭೂಮಿ ಬಿಸಿಯಾಗಿ ಹಿಮ ತೆಳುವಾದಂತೆ ಬಂಡೆ ಬಯಲಾಯಿತು. ಕಾದ ಬಂಡೆ ಪಕ್ಕದ ಹಿಮವನ್ನೂ ಕರಗಿಸಿತು. ಮೊದಲೇ ಚಿಕ್ಕದಾಗಿದ್ದ ಹಿಮನದಿಗೆ ತಡೆದುಕೊಳ್ಳುವ ಶಕ್ತಿ ಉಳಿಯಲಿಲ್ಲ.

ಈಗಲೂ ಹೊಸ ಹಿಮ ಬೀಳುವುದುಂಟು. ಆದರೆ ಅದನ್ನು ಹಿಡಿದಿಡಲು ಅಡಿಯಲ್ಲಿ ಹಿಮಗಡ್ಡೆಯಿಲ್ಲ, ಬಿಸಿಲೇರಿದರೆ ನೀರು.

ಆಟ ನಿಂತರೆ ನಿಲ್ಲಲಿ ಎನ್ನುವಂತಿಲ್ಲ. ಸುತ್ತಲಿನ ದೊಡ್ಡ ಹಿಮನದಿಗಳೂ ಕುಗ್ಗುತ್ತಿವೆ. ಒಣ ತಿಂಗಳುಗಳಲ್ಲಿ ಲಾ ಪಾಜ್‌ನ ಜಲಾಶಯಗಳಿಗೆ ಅವುಗಳ ನೀರೂ ಬೇಕು. 2016ರ ಬರಗಾಲದಲ್ಲಿ ಅಲ್ಲಿನ ಹಲವು ಬಡಾವಣೆಗಳ ನಲ್ಲಿಗಳು ಬತ್ತಿ, ಮಕ್ಕಳೂ ದೊಡ್ಡವರೂ ಕೊಡ ಹಿಡಿದು ಸಾಲುಗಟ್ಟಬೇಕಾಯಿತು.

ಸರೋವರದ ನೋಟ ಇಂದಿಗೂ ಹಾಗೆಯೇ ಇದೆ. ಅದನ್ನು ನೋಡಲು ಬಂದವರ ಕಾಲಡಿ ಈಗ ಸಿಗುವುದು ಬರಿಯ ಕಲ್ಲು.